ಕುಡುವಿನ ತುಟಿ ಬಿಡಿಸುವ ಕೈ

ಜೂನ್ ತಿಂಗಳ ಬೆಳಗಿನಲ್ಲಿ ನಮೀಬಿಯಾದ ಒಣನೆಲದ ಚಳಿ ಕೊರೆಯುತ್ತದೆ. ವಿಂಡ್‌ಹುಕ್ ನಗರದಾಚೆ ಮುಳ್ಳುಕುರುಚಲಿನ ನಡುವೆ ತಗಡಿನ ಚಾವಣಿಯ ಟ್ಯಾಕ್ಸಿಡರ್ಮಿ (ಸತ್ತ ಪ್ರಾಣಿಯ ಚರ್ಮಕ್ಕೆ ಆಕಾರ ಕೊಡುವ ಕಸುಬು) ಶೆಡ್ಡುಗಳಿಗೆ ಇದು ಬಿಡುವಿಲ್ಲದ ಕಾಲ, ಬೇಟೆಯ ಹಂಗಾಮು. ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ಹಿಂದುಗಡೆ ಇನ್ನೂರು ಕಿಲೋ ಮೀರಿದ ಗಂಡು ಕುಡು, ಆಫ್ರಿಕಾದ ದೊಡ್ಡ ಹುಲ್ಲೆ, ಮಲಗಿದೆ. ಬೂದುಬಣ್ಣದ ಮೈ, ಅಡ್ಡಕ್ಕೆ ತೆಳುವಾದ ಬಿಳಿ ಪಟ್ಟೆ, ತಿರುಚಿಕೊಂಡು ಮೇಲೆದ್ದ ಕೊಂಬು. ಬೇಟೆಗಾರ ಕೊಂಬಿನ ಅಳತೆಗೆ ಟೇಪು ಹುಡುಕುತ್ತಾನೆ. ಅನುಭವಿ ಕಸುಬುದಾರ ಕೇಳುವುದು ಬೇರೆಯೇ: "ಹೊಡೆಯೋ ಮುಂಚೆ ಹೇಗಿತ್ತು? ಜನರನ್ನ ಕಂಡು ಓಡ್ತಾ? ಬಾಯಲ್ಲಿ ಜೊಲ್ಲು ಸುರೀತಿತ್ತಾ?"

ಕೇಳಲು ಕಾರಣವಿದೆ. 1977ರಲ್ಲಿ ಈ ದೇಶದ ಕುಡುಗಳಿಗೆ ರೇಬೀಸ್ ಬಡಿಯಿತು. 1985ರ ಹೊತ್ತಿಗೆ ಸತ್ತವು 30 ಸಾವಿರದಿಂದ 50 ಸಾವಿರ ಎಂಬ ಅಂದಾಜಿದೆ. 2002ರಲ್ಲಿ ರೋಗ ಮತ್ತೆ ಎದ್ದಿತು. ಸೊಪ್ಪು ತಿನ್ನುವ, ಯಾರನ್ನೂ ಕಚ್ಚದ ಪ್ರಾಣಿ. ರೋಗ ತಗುಲಿದರೆ ಅದರ ಜೊಲ್ಲಿನಲ್ಲೇ ವೈರಸ್ ತುಂಬಿರುತ್ತದೆ. ಒಂದನ್ನೊಂದು ನೆಕ್ಕುವಾಗ, ಮುಳ್ಳುಗಿಡ ಮೇಯ್ದು ಬಾಯಿ ಗಾಯವಾದಾಗ ಹರಡುತ್ತದೆಂದು ವಿಜ್ಞಾನಿಗಳ ಊಹೆ. ರೋಗ ತಗುಲಿದ ಕುಡುವಿಗೆ ಮನುಷ್ಯರ ಹೆದರಿಕೆ ಹೋಗುತ್ತದೆ, ಅಂಗಳಕ್ಕೇ ಬಂದು ನಿಲ್ಲುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಮರುಕದಿಂದ ಬಾಯೊಳಗೆ ಕೈ ಹಾಕಿದರೆ ಕೆಟ್ಟಿತು.

ಗೋಡೆಗೆ ತೂಗಿದ ತಲೆಯನ್ನು ಮೆಚ್ಚುವವರಿಗೆ ಆ ತಲೆ ಬಿಡಿಸುವ ಕೆಲಸ ಗೊತ್ತಿರುವುದಿಲ್ಲ. ಭುಜದ ಹಿಂದಿನಿಂದ ಸೀಳಿದ ಚರ್ಮವನ್ನು ಕುತ್ತಿಗೆಯ ಮೇಲೆ ಮಗುಚುತ್ತಾ ಬರುವತನಕ ಕೈ ಸರಾಗ. ಕಿವಿಯ ಬುಡ ದಾಟಿ, ರೆಪ್ಪೆ ಹರಿಯದಂತೆ ಕಣ್ಣಿನ ಸುತ್ತ ಕೊಯ್ದು, ತುಟಿಗೆ ಬಂದಾಗ ಕೆಲಸ ನಿಧಾನವಾಗುತ್ತದೆ. ತುಟಿಯ ಒಳಪದರವನ್ನು ವಸಡಿನ ಅಂಚಿನವರೆಗೂ ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಮುಂದೆ ಬಾಯಿ ಮುಚ್ಚಿ ಕೂರುವುದಿಲ್ಲ. ಎಡಗೈ ಬೆರಳು ತುಟಿಯೊಳಗೆ, ಬಲಗೈಯಲ್ಲಿ ಬ್ಲೇಡು. ಜೊಲ್ಲಿಗೆ ಎಲ್ಲ ಜಾರುತ್ತದೆ. ಕೈಮೇಲೆ ನಿನ್ನೆಯ ಮುಳ್ಳು ಗೀರಿದ ಗುರುತು. ಹಲ್ಲು ನಾಟದೆಯೂ ರೇಬೀಸ್ ಒಳನುಗ್ಗಲು ಅಷ್ಟು ಸಾಕು. ಅದಕ್ಕೇ ರಬ್ಬರ್ ಕೈಗವಸು, ಅದರ ಮೇಲೆ ಬ್ಲೇಡಿಗೆ ಹರಿಯದ ಇನ್ನೊಂದು ಗವಸು, ಕಣ್ಣಿಗೆ ಕನ್ನಡಕ, ಬಾಯಿಗೆ ಮಾಸ್ಕು.

ತಲೆಬುರುಡೆಯ ಕೆಲಸ ಇನ್ನೂ ಅಪಾಯದ್ದು. ವೈರಸ್ಸಿನ ಮುಖ್ಯ ನೆಲೆ ಮೆದುಳು ಮತ್ತು ಬೆನ್ನುಹುರಿ. ಬೇಗ ಮುಗಿಯಲೆಂದು ಕೆಲವರು ಜೋರು ನೀರಿನ ಪೈಪು ಹಿಡಿದು ಮೆದುಳನ್ನು ಚಿಮ್ಮಿಸುತ್ತಾರೆ, ಇಲ್ಲವೇ ಗರಗಸ ಹಾಕುತ್ತಾರೆ. ಸಣ್ಣ ಹನಿಗಳು ಕಣ್ಣಿಗೆ, ಮೂಗಿಗೆ, ತುಟಿಗೆ ಹಾರುತ್ತವೆ. ನನ್ನ ಕಣ್ಣಿಗೆ ಇದು ಶುದ್ಧ ಅವಿವೇಕ. ಮೊದಲು ಚೆನ್ನಾಗಿ ಕುದಿಸಿದರೆ ವೈರಸ್ ಸಾಯುತ್ತದೆ, ಆಮೇಲೆ ತೊಳೆಯಬಹುದು. ಫ್ರೀಜರ್‌ನಲ್ಲಿ ತಿಂಗಳಿಟ್ಟದ್ದು ಎಂಬ ಧೈರ್ಯವೂ ಬೇಡ. ಚಳಿ ಈ ವೈರಸ್ಸನ್ನು ಕೊಲ್ಲುವುದಿಲ್ಲ, ಕಾಪಾಡುತ್ತದೆ. ಹದ ಮಾಡಿ ಮುಗಿದ ಚರ್ಮದಿಂದ ಭಯವಿಲ್ಲ. ಅಂದರೆ ಕೊಂಡು ನೇತುಹಾಕುವವನು ಕ್ಷೇಮ, ಹಸಿ ತಲೆಯ ಮುಂದೆ ಕೂತ ಕೂಲಿಯವನಿಗೆ ಮಾತ್ರ ಗಂಡಾಂತರ.

ಇದನ್ನು ಯೋಚಿಸುವಾಗ ಮೈಸೂರಿನ ವ್ಯಾನ್ ಇಂಗೆನ್ ಟ್ಯಾಕ್ಸಿಡರ್ಮಿ ಕಾರ್ಖಾನೆ ನೆನಪಾಗುತ್ತದೆ. ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳಾದ ಬೋಥಾ, ಡಿ ವೆಟ್, ಜೂಬೇರ್ ಹೆಸರನ್ನೇ ಮಕ್ಕಳಿಗಿಟ್ಟ ಮನೆತನ ಅದು. 1999ರಲ್ಲಿ ಬಾಗಿಲು ಹಾಕುವತನಕ ಅಲ್ಲಿ ಸಾವಿರಾರು ಹುಲಿ, ಚಿರತೆಗಳ ಚರ್ಮಕ್ಕೆ ಆಕಾರ ಬಂತು. ಚರ್ಮ ಬರುತ್ತಿದ್ದುದು ಬಹುಮಟ್ಟಿಗೆ ಶಿಕಾರಿ ಬಿಡಾರದಲ್ಲೇ ಸುಲಿದು ಉಪ್ಪು ಹಚ್ಚಿದ ಮೇಲೆ. ಕಾಡಿನಲ್ಲಿ ಬರಿಗೈಯಲ್ಲಿ ಸುಲಿದವರ ಹೆಸರನ್ನು ಯಾವ ಹಿತ್ತಾಳೆ ಫಲಕವೂ ಹೇಳುವುದಿಲ್ಲ.

ಈಗ ಆ ಕೈಗಳಿಗೆ ಕಾವಲಿದೆ, ಕೊಡಿಸುವ ಮನಸ್ಸು ಬೇಕಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮುಂಜಾಗ್ರತೆಯ ಲಸಿಕೆ ಎರಡು ದಿನದ ಕೆಲಸ: ಮೊದಲ ದಿನ, ಮತ್ತೆ ಏಳು ದಿನ ಕಳೆದ ಮೇಲೆ. ಹಂಗಾಮಿಗೆ ಮುಂಚೆಯೇ ಹಾಕಿಸಬೇಕು, ಮಾಲೀಕನ ಖರ್ಚಿನಲ್ಲಿ. ಬ್ಲೇಡು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ವೈರಸ್ಸಿನ ಹೊರಪೊರೆ ಕೊಬ್ಬಿನದು, ಸೋಪಿಗೆ ಒಡೆಯುತ್ತದೆ. ಲಸಿಕೆಯಾದವನೂ ಅಂದೇ ಆಸ್ಪತ್ರೆಗೆ ಹೋಗಿ ಇನ್ನೆರಡು ಚುಚ್ಚುಮದ್ದು ಪಡೆಯಬೇಕು. ಮುಂಚೆ ಏನೂ ಹಾಕಿಸಿಕೊಳ್ಳದವನಿಗೆ ಪೂರ್ತಿ ಲಸಿಕೆಯ ಜೊತೆ ಗಾಯಕ್ಕೇ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಅಪರೂಪದಲ್ಲಿ ಅಪರೂಪ.

ಪಿಕಪ್ ಬಳಿ ಬೇಟೆಗಾರ ತಡೆದು ತಡೆದು ಹೇಳುತ್ತಾನೆ: ಹೌದು, ಇದು ನೀರಿನ ತೊಟ್ಟಿಯ ಹತ್ತಿರ ಸುಮ್ಮನೆ ನಿಂತಿತ್ತು, ಬಾಯಲ್ಲಿ ನೊರೆ ಇತ್ತು. ಕಸುಬುದಾರ ಬ್ಲೇಡನ್ನು ಡಬ್ಬಕ್ಕೆ ಹಾಕುತ್ತಾನೆ. ಪಶುವೈದ್ಯ ಇಲಾಖೆಗೆ ಫೋನು ಹೋಗುತ್ತದೆ. ಪರೀಕ್ಷೆಗೆ ಮೆದುಳೇ ಬೇಕಾದ್ದರಿಂದ ತಲೆಯನ್ನು ಒಡೆಯದೆ, ತಣ್ಣಗಿಟ್ಟು ಒಪ್ಪಿಸಬೇಕು. ಫಲಿತಾಂಶ ಬರುವತನಕ ಶೆಡ್ಡಿನಲ್ಲಿ ಯಾರೂ ಆ ಕುಡುವನ್ನು ಮುಟ್ಟುವಂತಿಲ್ಲ.