ಕಡಲಿಲ್ಲದ ಊರಿಂದ ದ್ವೀಪಕ್ಕೊಂದು ತಂತಿ

ಇಪ್ಪತ್ತು ಮೀಟರ್ ತಾಮ್ರದ ತಂತಿ ಸಾಕು! ಸರಿಯಾಗಿ ನಡುವೆ ಕತ್ತರಿಸಿ, ಕತ್ತರಿಸಿದಲ್ಲಿ ಕೇಬಲ್ ಬೆಸೆದು, ಎರಡು ತೆಂಗಿನ ಮರಗಳ ನಡುವೆ ಬಿಗಿಯಬೇಕು. ಹಿಂದೆ ಪಡಸಾಲೆಯಲ್ಲಿ ಉರಿಯುತ್ತಿದ್ದ ನೂರು ವಾಟ್ ಬಲ್ಬಿಗೆ ಬೇಕಾಗುತ್ತಿದ್ದಷ್ಟೇ ಶಕ್ತಿಯನ್ನು ಅದಕ್ಕೆ ಉಣಿಸಬೇಕು. ಮುಸ್ಸಂಜೆಗೆ ಜಪಾನಿನವರು ಓಗೊಡುತ್ತಾರೆ, ನಸುಕಿಗೆ ಇಟಲಿಯವರು! ನಡುವೆ ಟವರ್ ಇಲ್ಲ, ಇಂಟರ್ನೆಟ್ ಇಲ್ಲ, ಉಪಗ್ರಹವೂ ಇಲ್ಲ. ಇದನ್ನು ಮೊದಲ ಸಲ ಕಿವಿಯಾರೆ ಕೇಳಿದಂದಿನಿಂದ ನನಗೆ ಆಕಾಶವನ್ನು ಸುಮ್ಮನೆ ನೋಡಲು ಆಗುತ್ತಿಲ್ಲ.

ಇದು ಹ್ಯಾಮ್ ರೇಡಿಯೊ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ತಮ್ಮದೇ ಆದ ಕಾಲ್‌ಸೈನ್ ಎಂಬ ಕರೆಗುರುತು ಇಟ್ಟುಕೊಂಡವರ ಹವ್ಯಾಸ. ಈ ಹವ್ಯಾಸದೊಳಗೆ ಇನ್ನೊಂದು ಸಾಹಸವಿದೆ ಎಂದು ಗೊತ್ತಾದಾಗಲಂತೂ ನನಗೆ ನಿದ್ದೆ ಹತ್ತಲಿಲ್ಲ. ಜಗತ್ತಿನ ಹ್ಯಾಮ್‌ಗಳು ಭೂಮಿಯನ್ನು 340 ನೆಲೆಗಳಾಗಿ ಎಣಿಸುತ್ತಾರೆ. ಅವರ ಪಟ್ಟಿಯಲ್ಲಿ ಭಾರತ ಒಂದು, ಅಂಡಮಾನ್ ನಿಕೋಬಾರ್ ಇನ್ನೊಂದು, ಲಕ್ಷದ್ವೀಪ ಮತ್ತೊಂದು. ನಮ್ಮ ನೆಲದ ಕಾಲ್‌ಸೈನ್ ವಿಯು ಎಂದು ಶುರುವಾದರೆ ಅಂಡಮಾನಿನದು ವಿಯು4, ಲಕ್ಷದ್ವೀಪದ್ದು ವಿಯು7. ಎಲ್ಲ ನೆಲೆಗಳ ಜೊತೆ ಒಮ್ಮೆಯಾದರೂ ಮಾತಾಡಬೇಕು ಎಂಬ ಹಂಬಲದಲ್ಲಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಆದರೆ ಎಷ್ಟೋ ದ್ವೀಪಗಳಲ್ಲಿ ಒಬ್ಬ ಹ್ಯಾಮ್ ಕೂಡ ವಾಸವಿಲ್ಲ. ಹಾಗಾದಾಗ ಯಾರಾದರೂ ಇಡೀ ರೇಡಿಯೊ ಸ್ಟೇಷನ್ನನ್ನೇ ಹೊತ್ತು ಅಲ್ಲಿಗೆ ಹೋಗಬೇಕು, ಹಗಲಿರುಳು ಕರೆಗಳಿಗೆ ಉತ್ತರಿಸಬೇಕು, ಮತ್ತೆ ಎಲ್ಲವನ್ನೂ ಬಿಚ್ಚಿಕೊಂಡು ಬರಬೇಕು. ಆ ದಂಡಯಾತ್ರೆಯ ಬಹುಪಾಲು ಕೆಲಸ ದೋಣಿ ಹತ್ತುವ ಮೊದಲೇ, ಗಟ್ಟಿ ನೆಲದ ಮೇಲೆ ಮುಗಿದಿರುತ್ತದೆ! ಹಾಗಿದ್ದರೆ ಕಡಲೇ ಇಲ್ಲದ ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ಕೂತು ಅದನ್ನು ಮಾಡಬಹುದಲ್ಲ?

ನಕಾಶೆ ಬಿಡಿಸಿದೆ. ಹಾನಗಲ್ಲಿನಿಂದ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ ನೂರು ಕಿಲೊಮೀಟರಿಗೂ ಒಳಗೇ ಸಿಗುತ್ತದೆ. ಅದೇ ಗೆರೆಯನ್ನು ನೈಋತ್ಯಕ್ಕೆ ತಿರುಗಿಸಿದರೆ ಸುಮಾರು 470 ಕಿ.ಮೀ. ದೂರದಲ್ಲಿ ಕಡಮತ್. ಲಕ್ಷದ್ವೀಪದ ಒಂದು ತೆಳ್ಳನೆಯ ಹವಳದ ಪಟ್ಟಿ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳ ಆಡಳಿತ ಒಂದು ಕಾಲಕ್ಕೆ ಮಂಗಳೂರಿನಿಂದ ನಡೆಯುತ್ತಿತ್ತು. ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶವಾದವು. ಅದೇ ದಿನ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯೊಳಗಿದ್ದ ನಮ್ಮ ನಾಲ್ಕು ತಾಲ್ಲೂಕುಗಳು ಕನ್ನಡ ರಾಜ್ಯಕ್ಕೆ ಬಂದವು. ನಾವು ಒಳಬಂದ ದಿನವೇ ಕಡಮತ್ ಮಂಗಳೂರಿನ ಕೈಬಿಟ್ಟು ಹೋಯಿತು! 2007ರ ಜನವರಿಯಲ್ಲಿ ಭಾರತೀಯ ಹವ್ಯಾಸಿ ರೇಡಿಯೊ ಸಂಘದವರು ಅದೇ ಕಡಮತ್‌ನಲ್ಲಿ ಆಂಟೆನಾ ಎತ್ತಿ ನಿಲ್ಲಿಸಿದರು. ಕಾಲ್‌ಸೈನ್ ವಿಯು7ಆರ್‌ಜಿ. ಕೊನೆಯ ಎರಡು ಅಕ್ಷರ ರಾಜೀವ್ ಗಾಂಧಿಯವರ ನೆನಪಿಗೆ. ಅವರೂ ಹ್ಯಾಮ್ ಆಗಿದ್ದರು, ಅವರ ಕಾಲ್‌ಸೈನ್ ವಿಯು2ಆರ್‌ಜಿ.

ಇಷ್ಟು ಹತ್ತಿರದ ದ್ವೀಪ ತಾನೇ, ಸುಲಭವಾಗಿ ಕೇಳಿಸುತ್ತದೆ ಎಂದುಕೊಂಡಿರಾ? ಇಲ್ಲಿಯೇ ಆಕಾಶದ ಆಟ ಶುರು! ನೆಲದಿಂದ ಇನ್ನೂರೈವತ್ತು, ನಾನೂರು ಕಿಲೊಮೀಟರ್ ಎತ್ತರದಲ್ಲಿ ಸೂರ್ಯನ ಬಿಸಿಲು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನುಗೋಳ ಕಟ್ಟಿದೆ. ಶಾರ್ಟ್‌ವೇವ್ ತರಂಗ ಅಲ್ಲಿಗೆ ಹೋಗಿ ಬಾಗಿ ಭೂಮಿಗೆ ಮರಳುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ ಕಡಮತ್ ಕೂಗಿದರೆ ಆ ಕೂಗು ಹಾನಗಲ್ಲಿನ ನೆತ್ತಿಯ ಮೇಲೆ ಹಾರಿ ಎಲ್ಲೋ ದೂರದಲ್ಲಿ ಇಳಿಯುತ್ತದೆ. ಜಪಾನಿಗೆ ಸ್ಪಷ್ಟ, ನಮಗೆ ಮೌನ! ನಾವು ಕೇಳಬೇಕೆಂದರೆ 7 ಮೆಗಾಹರ್ಟ್ಸ್‌ಗೆ ಇಳಿಯಬೇಕು, ಅದೂ ಹಗಲಲ್ಲಿ. ಆಗ ಸುಮಾರಾಗಿ ನೆಟ್ಟಗೆ ಮೇಲೇರಿದ ತರಂಗ ಕಡಿದಾಗಿ ಬಾಗಿ ಪಕ್ಕದ ನೆಲಕ್ಕೇ ಬೀಳುತ್ತದೆ. ಕತ್ತಲಾದ ಮೇಲೆ ಇನ್ನೊಂದು ಬದಲಾವಣೆ. ಹಗಲೆಲ್ಲ ಕಡಿಮೆ ಆವರ್ತನದ ತರಂಗಗಳನ್ನು ನುಂಗುತ್ತಿದ್ದ ಕೆಳಪದರ ಕರಗುತ್ತದೆ, ಹಾದಿಗಳು ಸಾವಿರಾರು ಕಿಲೊಮೀಟರಿಗೆ ಚಾಚಿಕೊಳ್ಳುತ್ತವೆ. ಹಗಲು ಧಾರವಾಡ ಆಕಾಶವಾಣಿಯೊಂದೇ ಕೇಳುತ್ತಿದ್ದ ಮನೆಯ ರೇಡಿಯೊದಲ್ಲಿ ರಾತ್ರಿಯಾದರೆ ಯಾವ್ಯಾವುದೋ ದೂರದ ಸ್ಟೇಷನ್ ನುಗ್ಗಿ ಬರುತ್ತಿದ್ದುದು ಇದೇ ಕಾರಣಕ್ಕೆ. ಬಾಲ್ಯದಲ್ಲಿ ಆ ಕೊರಕೊರ ಸದ್ದಿನೊಳಗೆ ನಾವು ಕೇಳುತ್ತಿದ್ದದ್ದು ಸೂರ್ಯ ಮುಳುಗಿದ ಸುದ್ದಿ!

ಇನ್ನೂ ಇದೆ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಮೇಲೆಯೇ ಹಾಯುತ್ತದೆ. 1963ರ ನವೆಂಬರ್ 21ರಂದು ತಿರುವನಂತಪುರದ ತುಂಬಾದಿಂದ ಭಾರತದ ಮೊದಲ ರಾಕೆಟ್ ಹಾರಿದ್ದು ಈ ರೇಖೆಯ ಮೇಲಿನ ಆಕಾಶವನ್ನು ಓದುವುದಕ್ಕೇ. ಇಲ್ಲಿ ಹಗಲಿನ ಹೊತ್ತು ಅಯಾನುಗಳು ಕಾರಂಜಿಯ ಹಾಗೆ ಮೇಲೆ ಚಿಮ್ಮಿ ಉತ್ತರಕ್ಕೂ ದಕ್ಷಿಣಕ್ಕೂ ಇಳಿಯುತ್ತವೆ. ಅದಕ್ಕೇ ಲಕ್ಷದ್ವೀಪದ ಆಕಾಶ ಯುರೋಪಿನ ಆಕಾಶದಂತಲ್ಲ. ಇದರ ಮೇಲೆ ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವ ಸೌರಕಲೆಗಳ ಚಕ್ರ ಬೇರೆ. ದಂಡಯಾತ್ರೆಗೆ ವರ್ಷ ಗೊತ್ತುಮಾಡುವವರು ಪಂಚಾಂಗ ನೋಡುವ ಶ್ರದ್ಧೆಯಿಂದ ಸೂರ್ಯನ ಕಲೆ ಎಣಿಸುತ್ತಾರೆ.

ಸರಿ, ತಯಾರಿ. ಪಂಪ್‌ಸೆಟ್ ಮೋಟಾರ್ ಸುಟ್ಟರೆ ಕಾಯಿಲ್ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ ನಮ್ಮ ಊರುಗಳಲ್ಲಿ ಇದ್ದೇ ಇರುತ್ತದೆ. ಶಿಗ್ಗಾಂವಿಯ ಅಂಥದೊಂದು ಅಂಗಡಿಯಲ್ಲಿ ನಿಂತು ನೋಡಿದೆ. ಎನಾಮಲ್ ಹಚ್ಚಿದ ತಾಮ್ರದ ತಂತಿ ಕೆ.ಜಿ. ಲೆಕ್ಕದಲ್ಲಿ ತೂಗುತ್ತದೆ. ಎರಡು ಎಳೆಗಳನ್ನು ಜೋಡಿಸಿ ಹಿಡಿದು, ಕಪ್ಪು ಫೆರೈಟ್ ಬಳೆಯೊಳಗೆ ತೂರಿಸಿ ಹೊರಗೆಳೆದು, ಒಂದು ಸುತ್ತು ಇನ್ನೊಂದರ ಮೇಲೆ ಹತ್ತದಂತೆ ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಸರಿಸಿ, ಕೊನೆಗೆ ತುದಿಯ ಎನಾಮಲ್ ಕೆರೆದು ಬೆಸುಗೆ ಹಾಕಿದರೆ ಬಾಲನ್ ಸಿದ್ಧ. ಕೇಬಲ್‌ಗೂ ಆಂಟೆನಾಕ್ಕೂ ನಡುವೆ ಹೊಂದಾಣಿಕೆ ಮಾಡುವ ಸಣ್ಣ ಬಳೆ ಅದು. ಇದು ಹಾಳಾದರೆ ದ್ವೀಪದಲ್ಲಿ ಆಂಟೆನಾದ ಬದಲು ಕೇಬಲ್ಲೇ ತರಂಗ ಉಗುಳುತ್ತದೆ, ಮೈಕ್ ಮುಟ್ಟಿದರೆ ಬೆರಳು ಚುರುಕ್ಕೆನ್ನುತ್ತದೆ. ನಮ್ಮ ಕಾಯಿಲ್ ಸುತ್ತುವವರ ಬೆರಳಿಗೆ ಇರುವ ಎಚ್ಚರವನ್ನು ಕಂಡು ನಾನು ಬೆರಗಾಗಿ ನಿಂತುಬಿಟ್ಟೆ.

ಗೋವಿನಜೋಳ ಮುರಿದ ಹೊಲವೇ ತಾಲೀಮಿನ ಮೈದಾನ. ಇಡೀ ಸ್ಟೇಷನ್ನನ್ನು, ಟೆಂಟು, ಬ್ಯಾಟರಿ, ಜನರೇಟರ್ ಸಮೇತ, ಒಂದು ರಾತ್ರಿ ಹೊಲದಲ್ಲಿ ನಡೆಸಿ ನೋಡದೆ ದ್ವೀಪಕ್ಕೆ ಹೋಗಬಾರದು ಎನ್ನುವುದು ಅನುಭವಿಗಳ ಮಾತು. ಮರದ ಮೇಲೆ ತಂತಿ ಏರಿಸಲು ದಾರ ಕಟ್ಟಿದ ಕಲ್ಲು ಎಸೆಯಬೇಕು. ತೆನೆಗೆ ಬರುವ ಹಕ್ಕಿ ಓಡಿಸಲು ಕವಣೆ ಬೀಸಿದ ಕೈಗಳಿಗೆ ಇದನ್ನು ಕಲಿಸಬೇಕಾಗಿಲ್ಲ! ಹಾನಗಲ್ಲಿನ ಹೊರಗೆ ಹಾಗೊಂದು ರಾತ್ರಿ ರಿಸೀವರ್ ಹಚ್ಚಿ ಕೂತಾಗ ಎಲ್ಲ ಸದ್ದಿನ ಕೆಳಗೆ ಒಂದೇ ಸಮ ಟಕ್, ಟಕ್, ಟಕ್. ಸೆಕೆಂಡಿಗೊಂದು.

“ಇದೇನ್ರೀ, ಯಾರರ ಮೋರ್ಸ್ ಕಲ್ಯಾಕತ್ತಾರೇನು?” ಎಂದೆ.

“ಅಲ್ರೀ ಸರ, ಹಂದಿ ಬರತಾವಂತ ಬಾಜೂ ಹೊಲದಾಗ ಝಟಕಾ ಬೇಲಿ ಹಾಕ್ಯಾರ. ಕಸ ತಾಗಿ ಕಿಡಿ ಹಾರಾಕತ್ತೈತಿ, ಅದರ ಸಪ್ಪಳ,” ಎಂದರು ಜೊತೆಗಿದ್ದ ಎಲೆಕ್ಟ್ರಿಷಿಯನ್.

ಹೋಗಿ ನೋಡಿದರೆ ನಿಜ! ಸೋಲಾರ್ ಬೇಲಿಯ ತಂತಿಗೆ ಹಸಿ ಹುಲ್ಲೊಂದು ತಾಗಿತ್ತು, ಕತ್ತಲಲ್ಲಿ ನೀಲಿ ಕಿಡಿ ಕಾಣುತ್ತಿತ್ತು. ಹುಲ್ಲು ಸರಿಸಿ ಬಂದು ಕಿವಿಗೆ ಹೆಡ್‌ಫೋನ್ ಏರಿಸಿದಾಗ ಆ ಟಕ್ ಇದ್ದ ಜಾಗದಲ್ಲಿ ನಿಜವಾದ ಮೋರ್ಸ್ ಸಂಕೇತ, ಡಾ-ಡಿ-ಡಾ-ಡಿ, ಡಾ-ಡಾ-ಡಿ-ಡಾ! ಸಿಕ್ಯೂ, ಸಿಕ್ಯೂ. ಯಾರಿದ್ದೀರಿ, ಮಾತಾಡಿ ಎಂಬ ಲೋಕದ ಕರೆ. ಒಂದು ಹುಲ್ಲುಕಡ್ಡಿ ಒಂದು ಖಂಡವನ್ನೇ ಮುಚ್ಚಿಟ್ಟಿತ್ತು!

ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯ ದಂಡೆಯಲ್ಲಿ ಐದು ಮೀಟರಿನ ಬಿದಿರು ಗಳಕ್ಕೆ ತಂತಿ ಸುತ್ತಿ ನಿಲ್ಲಿಸಿದರೆ ದ್ವೀಪದ ಅನುಭವ ಸಿಕ್ಕೀತೇ ಎಂದು ಕೇಳಿದ್ದೆ. ಸಿಗುವುದಿಲ್ಲವಂತೆ. ಕುಮುದ್ವತಿಯ ಸಿಹಿನೀರು ಬತ್ತ ಬೆಳೆಸುತ್ತದೆ, ತರಂಗಕ್ಕೆ ನೆರವಾಗುವುದಿಲ್ಲ. ಬೇಕಾದದ್ದು ಉಪ್ಪು! ಸಮುದ್ರದ ನೀರು ಹೊಲದ ಮಣ್ಣಿಗಿಂತ ನೂರಾರು ಪಟ್ಟು ಸರಾಗವಾಗಿ ವಿದ್ಯುತ್ ಹರಿಸುತ್ತದೆ. ಅಲೆಯ ಅಂಚಿನಲ್ಲಿ ನಿಲ್ಲಿಸಿದ ಅದೇ ಬಿದಿರು ಗಳದಿಂದ ಹೊರಟ ತರಂಗ ನೀರನ್ನು ಸವರಿಕೊಂಡು ದಿಗಂತದ ಮಟ್ಟದಲ್ಲೇ ಸಾಗಿ ಒಂದೊಂದು ನೆಗೆತಕ್ಕೆ ಸಾವಿರಾರು ಕಿಲೊಮೀಟರ್ ದಾಟುತ್ತದೆ. ಎರಡೆಲೆ ಪೈರಿಗೂ ಆಗದ ಆ ನೀರು ಹ್ಯಾಮ್‌ಗಳ ಪಾಲಿಗೆ ಬಂಗಾರ. ಅದೇ ಉಪ್ಪು ವಾರದೊಳಗೆ ಕನೆಕ್ಟರ್‌ಗಳನ್ನು ತಿಂದುಹಾಕುತ್ತದೆ ಎಂಬುದೂ ಸತ್ಯ. ಅದಕ್ಕೇ ಪ್ರತಿ ಜಾಯಿಂಟಿಗೂ ಟೇಪು, ಸ್ಟೀಲ್ ಬೋಲ್ಟು.

ದೂರದ ಗಿಡವೊಂದು ಕಡಲು ದಾಟಿ ಬಂದು ನಮ್ಮಲ್ಲಿ ಬೇರೂರಿದ ಕತೆ ಸವಣೂರಿನವರಿಗೆ ಹೊಸದಲ್ಲ. ಅಲ್ಲಿನ ದೊಡ್ಡಹುಣಸೆ ಮರಗಳು ಆಫ್ರಿಕಾದ ಬಾವೊಬಾಬ್. ಅವುಗಳ ಬುಡದಲ್ಲಿ ನಿಂತರೆ ಕಡಲಾಚೆಯ ಊರು ಯಾವುದೂ ದೂರ ಅನ್ನಿಸುವುದಿಲ್ಲ. ತಂತಿಯನ್ನು ಮಾತ್ರ ಆ ಹಿರಿಯರ ಮೈಗೆ ಕಟ್ಟಬಾರದು, ಊರಲ್ಲಿ ತೆಂಗು ಬೇಕಾದಷ್ಟಿವೆ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಎಲ್ಲಕ್ಕಿಂತ ಮೊದಲು ಶುರುವಾಗಬೇಕಾದದ್ದು ಅದೇ. ಲಕ್ಷದ್ವೀಪಕ್ಕೆ ಕಾಲಿಡಲು ಪ್ರವೇಶ ಪರವಾನಗಿ, ಅಲ್ಲಿಂದ ಪ್ರಸಾರಕ್ಕೆ ದೆಹಲಿಯ ಅನುಮತಿ. ಅನುಮತಿ ಇದ್ದರೂ ಕಡಲು ಒಪ್ಪಬೇಕು. 2023ರ ಫೆಬ್ರುವರಿಯಲ್ಲಿ ದಕ್ಷಿಣ ಅಟ್ಲಾಂಟಿಕದ ಬೂವೆ ದ್ವೀಪಕ್ಕೆ ಹೋದ ತಂಡ ತೆರೆಗಳ ಅಬ್ಬರಕ್ಕೆ ತಾನು ಒಯ್ದ ಸಾಮಾನೆಲ್ಲ ಇಳಿಸಲಾಗದೆ ಸಣ್ಣ ಶಿಬಿರದಲ್ಲೇ ಸ್ಟೇಷನ್ ನಡೆಸಬೇಕಾಯಿತು.

ತಯಾರಿಯಲ್ಲಿ ಅತಿ ಕಷ್ಟದ್ದು ಕಿವಿಯ ಸಾಧನೆ. ದ್ವೀಪ ಗಾಳಿಗೆ ಬಂತೆಂದು ಗೊತ್ತಾದ ಕ್ಷಣ ಜಗತ್ತೇ ಅದರ ಮೇಲೆ ಬೀಳುತ್ತದೆ. ನೂರಾರು ಜನ ಒಟ್ಟಿಗೆ ಕೂಗುವ ಆ ಗದ್ದಲದಲ್ಲಿ ಎರಡಕ್ಷರ ಹಿಡಿದು, ಅವರನ್ನಷ್ಟೇ ಕರೆದು, ಕೇಳಿಸಿದ ಸಂಕೇತಕ್ಕೆ ಐದು-ಒಂಬತ್ತು-ಒಂಬತ್ತು ಎಂದು ಅಂಕ ಕೊಟ್ಟು, ಬರೆದುಕೊಂಡು, ಮುಂದಿನವರಿಗೆ ಹೋಗಬೇಕು. ಎಲ್ಲ ಕೆಲವೇ ಸೆಕೆಂಡು! ಅದಕ್ಕೇ ದ್ವೀಪದವರು ಕರೆಯುವುದು ಒಂದು ತರಂಗಾಂತರದಲ್ಲಿ, ಕೇಳಿಸಿಕೊಳ್ಳುವುದು ಅದರ ಮೇಲ್ಬದಿಯ ಹರವಿನಲ್ಲಿ. ಇಲ್ಲದಿದ್ದರೆ ದ್ವೀಪದ ದನಿಯೇ ಮುಳುಗಿಹೋಗುತ್ತದೆ.

ಈ ಎಲ್ಲ ಸಿದ್ಧತೆ ಏನಾಗಬಲ್ಲದು ಎಂದು ಜಗತ್ತಿಗೆ ಗೊತ್ತಾದದ್ದು 2004ರ ಡಿಸೆಂಬರಿನಲ್ಲಿ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ನೇತೃತ್ವದ ತಂಡ ಪೋರ್ಟ್‌ಬ್ಲೇರ್‌ನಲ್ಲಿ ಸ್ಟೇಷನ್ ಹೂಡಿತ್ತು. 1987ರ ನಂತರ ಅಂಡಮಾನಿನಿಂದ ಹ್ಯಾಮ್ ದನಿ ಕೇಳಿದ್ದೇ ಆಗ. ವಿಯು4ಆರ್‌ಬಿಐ ಎಂಬ ಅವರ ಕರೆಗೆ ಲೋಕವೆಲ್ಲ ಮುಗಿಬಿದ್ದಿತ್ತು. ಡಿಸೆಂಬರ್ 26ರ ಬೆಳಗಿನ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾದ ಬದಿಯಲ್ಲಿ ಕಡಲ ತಳ ಒಡೆಯಿತು. 9.1 ತೀವ್ರತೆಯ ಭೂಕಂಪ, ಹಿಂದೆಯೇ ಸುನಾಮಿ. ಫೋನುಗಳು ಸತ್ತವು. ಭಾರತಿಯವರು ಹವ್ಯಾಸದ ಕರೆ ನಿಲ್ಲಿಸಿ, ಅದೇ ರೇಡಿಯೊ, ಅದೇ ತಂತಿಯನ್ನು ತುರ್ತು ಕೆಲಸಕ್ಕೆ ತಿರುಗಿಸಿದರು. ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಸ್ಟೇಷನ್ ಎದ್ದಿತು, ಕಾರ್ ನಿಕೋಬಾರ್‌ಗೂ ಹ್ಯಾಮ್‌ಗಳು ಹೋದರು. ಬದುಕಿದ್ದೇವೆ ಎಂಬ ಸುದ್ದಿ ದ್ವೀಪದಿಂದ ಮನೆಗಳಿಗೆ ತಲುಪತೊಡಗಿತು. ಸುನಾಮಿಗೆಂದು ಯಾರೂ ಆ ಸಾಮಾನು ಹೊತ್ತು ತಂದಿರಲಿಲ್ಲ! ದೂರದವರೊಡನೆ ನಾಲ್ಕು ಮಾತಾಡುವ ಆಸೆಗೆ ಅಷ್ಟು ಅಚ್ಚುಕಟ್ಟಾಗಿ ಸಜ್ಜಾಗಿದ್ದರು, ಅದೇ ಜೀವ ಉಳಿಸುವ ಕೆಲಸಕ್ಕೆ ಒದಗಿತು.

ನಮ್ಮ ನಾಲ್ಕು ತಾಲ್ಲೂಕಿನ ಶಾಲೆಗಳಲ್ಲಿ ಇದನ್ನು ಹೇಳಬೇಕು ಎಂದು ನನ್ನ ಮನಸ್ಸು ತುಡಿಯುತ್ತಿದೆ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗ ಸಾಕು. ಆ ವೇಗ ಬರುವುದರೊಳಗೆ ಬಾಲನ್ ಸುತ್ತುವುದು, ಕಲ್ಲೆಸೆದು ತಂತಿ ಏರಿಸುವುದು, ಬೇಲಿಯ ಸಪ್ಪಳ ಹುಡುಕುವುದು ಎಲ್ಲ ಕೈಗೆ ಹತ್ತಿರುತ್ತದೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ದೋಣಿ ಕೇಳಿದರಾಯಿತು.