ಆಯುಧಪೂಜೆ: ಉಪಕರಣಕ್ಕೆ ನಿಜವಾದ ರಕ್ಷೆ ಯಾವುದು?

ಮಹಾನವಮಿಯಂದು ಬಡಗಿಯು ಉಳಿ, ಬಾಚಿ, ಗರಗಸಗಳನ್ನು ಒರೆಸಿ ಸಾಲಾಗಿ ಇರಿಸುತ್ತಾನೆ. ನೇಕಾರನ ಮಗ್ಗಕ್ಕೆ ಹೂಮಾಲೆ, ವರ್ತಕನ ತಕ್ಕಡಿಗೆ ವಿಭೂತಿ, ಲಾರಿಯ ಮುಂಭಾಗಕ್ಕೆ ಬಾಳೆಕಂದು. ಜೊತೆಗೆ ದೃಷ್ಟಿ ತೆಗೆಯುವ ವಿಧಿಗಳೂ ನಡೆಯುತ್ತವೆ: ಚಕ್ರದಡಿ ನಿಂಬೆಹಣ್ಣು, ಅಂಗಡಿಯ ಬಾಗಿಲಿಗೆ ನಿಂಬೆ-ಮೆಣಸಿನಕಾಯಿ, ಯಂತ್ರಕ್ಕೆ ಕಪ್ಪು ದಾರ, ಬೀದಿಯಲ್ಲಿ ಒಡೆಯುವ ಬೂದುಗುಂಬಳ.

ಇವೆಲ್ಲವೂ ಒಂದೇ ದಿನ ನಡೆದರೂ ಇವುಗಳ ಹಿಂದಿನ ಭಾವ ಒಂದೇ ಅಲ್ಲ. ಉಪಕರಣಕ್ಕೆ ಹೂವೇರಿಸುವುದು ಕೃತಜ್ಞತೆ. ದೃಷ್ಟಿ ನಿವಾಳಿಸುವುದು ಭಯ. ಈ ಭಯವನ್ನು ಹಗುರವಾಗಿ ಕಾಣಲಾಗದು. ಗರಗಸ ಜಾರಿದರೆ ಬೆರಳು ಹೋದೀತು. ಲಾರಿ ನಿಂತರೆ ಮನೆಯ ಒಲೆಯೂ ನಿಂತೀತು. ಆದರೆ ಭಯಕ್ಕೆ ಪರಿಹಾರ ಎಲ್ಲಿದೆ ಎಂಬುದನ್ನು ವಿಚಾರಿಸಬೇಕು.

ಹನ್ನೆರಡನೆಯ ಶತಮಾನದ ಶರಣರು ಶಕುನ-ಮುಹೂರ್ತಗಳ ಅಂಜಿಕೆಯನ್ನು ನಿರಾಕರಿಸಿ ಕಾಯಕದಲ್ಲಿಯೇ ಶ್ರೇಯಸ್ಸನ್ನು ಕಂಡರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕಾಯಕವೇ ಪೂಜೆಯಾದವರಿಗೆ ಕೈಯಲ್ಲಿರುವ ಕುಡುಗೋಲೂ ಪೂಜಾ ಸಾಧನವೇ ಆಗುತ್ತದೆ. ಅದನ್ನು ಕಾಯಲು ಬೇರೊಂದು ತಾಯಿತ ಏಕೆ?

ಉಪಕರಣದ ರಕ್ಷೆ ಅದರ ಆರೈಕೆಯಲ್ಲಿದೆ. ಮೊಂಡಾದ ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಆಗಲೇ ಅದು ಜಾರಿ ಕೈಗೆ ತಗಲುವುದು. ಸಡಿಲವಾದ ಸುತ್ತಿಗೆಯ ಕಾವು, ಸವೆದ ಬ್ರೇಕು, ಹೊದಿಕೆ ಸೀಳಿದ ವಿದ್ಯುತ್ ತಂತಿ—ಇವುಗಳನ್ನು ಯಾವ ದಾರವೂ ಸರಿಪಡಿಸದು. ವರ್ಷಕ್ಕೊಮ್ಮೆ ಕೆಲಸ ನಿಲ್ಲಿಸಿ, ಆಯುಧಗಳನ್ನು ಒರೆಸಿ, ತುಕ್ಕು ತೆಗೆದು, ಸಾಣೆ ಹಿಡಿದು, ಎಣ್ಣೆ ಸವರುವುದೇ ಈ ಹಬ್ಬದ ದೊಡ್ಡ ಉಪಕಾರ.

ಇನ್ನೊಂದು ಮಾತನ್ನೂ ನೆನೆಯಬೇಕು. ನಮ್ಮ ವಾಹನಕ್ಕೆ ಕೇಡು ತಟ್ಟದಿರಲೆಂದು ರಸ್ತೆಯಲ್ಲಿ ಒಡೆದ ಕುಂಬಳಕಾಯಿಯ ಮೇಲೆ ಮತ್ತೊಬ್ಬರ ದ್ವಿಚಕ್ರ ವಾಹನ ಜಾರುತ್ತದೆ. ನಮ್ಮ ಆಪತ್ತನ್ನು ನಿವಾಳಿಸಿ ಅನ್ಯರ ದಾರಿಗೆ ಎಸೆಯುವುದು ದಯೆಯ ಧರ್ಮಕ್ಕೆ ಒಪ್ಪುವುದೇ? ಅದೇ ಕುಂಬಳಕಾಯಿ ದಾಸೋಹದ ಅಡುಗೆಗೆ ಸಂದರೆ ಹಲವರ ಹಸಿವು ತಣಿದೀತು.

ಆದುದರಿಂದ ಆಯುಧಗಳಿಗೆ ವಿಭೂತಿ ಇರಲಿ, ಹೂವಿರಲಿ. ಅದಕ್ಕೂ ಮೊದಲು ಅವು ಹರಿತವಾಗಿ, ಬಿಗಿಯಾಗಿ, ಶುಚಿಯಾಗಿ ಇರಲಿ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ ವರ್ತಕನಿಗೆ ಅದಕ್ಕಿಂತ ಮಿಗಿಲಾದ ಅದೃಷ್ಟವಿಲ್ಲ.