ಓಡಿದವನು, ಹೊರಟವನು

ವಾರಾಣಸಿಯಿಂದ ಸಾರನಾಥಕ್ಕೆ ಹೋಗುವಾಗ ಮೊದಲು ಎದುರಾಗುವುದು ಚೌಖಂಡಿ ಸ್ತೂಪ. ಇಟ್ಟಿಗೆ ಗುಡ್ಡೆಯ ನೆತ್ತಿಯ ಮೇಲೆ, ಸ್ತೂಪಕ್ಕೆ ಯಾವ ರೀತಿಯಲ್ಲೂ ಹೊಂದದ, ಎಂಟು ಮೂಲೆಯ ಮೊಗಲ್ ಬುರುಜು. ಮೊಗಲ್ ಬಾದಶಹ ಹುಮಾಯೂನನ ನೆನಪಿಗೆ ಅಕ್ಬರನ ಮಂತ್ರಿ ತೋಡರಮಲ್ಲನ ಮಗ ಗೋವರ್ಧನ 1588ರಲ್ಲಿ ಕಟ್ಟಿಸಿದ್ದು. 1539ರಲ್ಲಿ ಚೌಸಾದಲ್ಲಿ ಶೇರ್ ಖಾನನಿಗೆ ಸೋತ ಹುಮಾಯೂನ್, ನೀರು ಹೊರುವವನೊಬ್ಬನ ತೊಗಲು ಚೀಲ ಹಿಡಿದು ಗಂಗೆ ದಾಟಿದ. ಆಗ ಇಲ್ಲಿ ಅಡಗಿದ್ದ ಎನ್ನುವುದು ಜನರ ಮಾತು. ಬಾಗಿಲ ಮೇಲಿನ ಶಾಸನ ಹೇಳುವುದೇ ಬೇರೆ: ಬಾದಶಹರು ಒಂದು ದಿನ ಇಲ್ಲಿ ಬಂದು ಕುಳಿತಿದ್ದರು. ಅಷ್ಟೆ. ಸೋಲೂ ಇಲ್ಲ, ಓಟವೂ ಇಲ್ಲ. ಹೋದವನು ಯಾರು ಎನ್ನುವುದರ ಮೇಲೆ ಕ್ರಿಯಾಪದ ಬದಲಾಗುತ್ತದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಬಡಪಾಯಿಗೆ ಈ ರಿಯಾಯಿತಿ ಇಲ್ಲ. ಕನ್ನಡದಲ್ಲಿ ಅವನು ಕಾಲು ಕೀಳುತ್ತಾನೆ, ಓಟ ಕೀಳುತ್ತಾನೆ, ಕಂಬಿ ಕೀಳುತ್ತಾನೆ, ಪೇರಿ ಕೀಳುತ್ತಾನೆ. ನಾಲ್ಕರಲ್ಲೂ 'ಕೀಳು'! ಮನುಷ್ಯ ನೆಲದಲ್ಲಿ ನೆಟ್ಟ ಗಿಡ, ಹೋಗುವುದಾದರೆ ಬೇರು ಸಮೇತ ಎನ್ನುವ ಒಕ್ಕಲುತನದ ಲೆಕ್ಕ ಇದರ ಹಿಂದಿರಬೇಕೆಂದು ನನ್ನ ಗುಮಾನಿ. ಇಂಗ್ಲಿಷಿನವನು ಹಿಮ್ಮಡಿ ತೋರಿಸುತ್ತಾನೆ. ಅಟ್ಟಿಸಿಕೊಂಡು ಬಂದವನ ಕಣ್ಣಿಗೆ ಕಂಡದ್ದೇ ಅಲ್ಲಿ ನುಡಿಗಟ್ಟು. ಹೇಳದೆ ಜಾರಿಕೊಂಡರೆ ಅವನಿಗದು 'ಫ್ರೆಂಚ್ ಲೀವ್'. ಫ್ರೆಂಚರು ಅದನ್ನೇ ಇಂಗ್ಲಿಷರ ಚಾಳಿ ಎನ್ನುತ್ತಾರೆ. ಹಿಂದಿಯಲ್ಲಿ ಕಾಲನ್ನು ತಲೆ ಮೇಲೆ ಇಟ್ಟುಕೊಂಡು ಓಡುತ್ತಾರೆ, ಇಲ್ಲವೇ 'ನೌ ದೋ ಗ್ಯಾರಹ್' ಆಗುತ್ತಾರೆ. ಒಂಬತ್ತಕ್ಕೆ ಎರಡು ಕೂಡಿದರೆ ಓಟ ಹೇಗಾದೀತು? 11 ಎಂಬ ಅಂಕಿಯಲ್ಲಿ ಎರಡು ಕಾಲು ಕಾಣುತ್ತವೆ ಎಂದರೆ ಕೇಳಲು ಚೆಂದ, ನಂಬಲು ಕಷ್ಟ. ಇವೆಲ್ಲಕ್ಕಿಂತ ನಮ್ಮ 'ಕಾಲಿಗೆ ಬುದ್ಧಿ ಹೇಳು'ವುದೇ ಮೇಲು. ತಲೆ ಕೈಕೊಟ್ಟ ಗಳಿಗೆಯಲ್ಲಿ ವಿವೇಕ ಕಾಲಿಗೆ ಇಳಿಯುತ್ತದೆ.

ಅಂಜಿ ಓಡುವುದೂ ಅರಸಿ ಹೊರಡುವುದೂ ಒಂದೇ ಏನು, ಸಿದ್ಧಾರ್ಥನನ್ನೂ ಈ ಸಾಲಿಗೆ ಸೇರಿಸುತ್ತೀರಾ ಎಂದು ಯಾರಾದರೂ ತಕರಾರು ತೆಗೆದಾರು. ಒಂದೇ ಅಲ್ಲ, ಒಪ್ಪಿದೆ. ಆದರೆ ಮಲಗಿದ್ದ ಹೆಂಡತಿಗೂ ಹೇಳದೆ, ಸಾರಥಿ ಛನ್ನನ ಜತೆ ಕುದುರೆ ಕಂಥಕನನ್ನೇರಿ ಅವನು ಹೋದ ಮರುದಿನ ಬೆಳಿಗ್ಗೆ ಕಪಿಲವಸ್ತುವಿನಲ್ಲಿ 'ಮಹಾಭಿನಿಷ್ಕ್ರಮಣ' ಎಂಬ ಮಾತು ಯಾರ ಬಾಯಲ್ಲೂ ಬಂದಿರಲಾರದು. ಅದು ಅವನು ಬುದ್ಧನಾದ ಮೇಲಿನ ಪದ. ಉದ್ದೇಶ ನೋಡಿ ಹೆಸರಿಟ್ಟದ್ದಲ್ಲ, ಫಲ ನೋಡಿ ಇಟ್ಟದ್ದು. ಅವನ ಜತೆ ತಪಸ್ಸಿಗೆ ಕೂತಿದ್ದ ಐವರು ಸಂಗಾತಿಗಳ ಕತೆಯೂ ಹೀಗೇ. ಉಪವಾಸ ಮುರಿದು ಊಟ ಮಾಡಿದನೆಂದು ಮುನಿಸಿಕೊಂಡು, ಅವನನ್ನು ಒಂಟಿಯಾಗಿ ಬಿಟ್ಟು ಸಾರನಾಥದ ಮೃಗದಾವಕ್ಕೆ ಬಂದವರು ಅವರು. ನಮ್ಮ ಬಾಯಲ್ಲಿ ಇಂದು ಮೊದಲ ಶಿಷ್ಯರು. ಅವನು ಹುಡುಕಿಕೊಂಡು ಬಂದಾಗ ಎದ್ದು ನಿಲ್ಲಬಾರದೆಂದು ಮಾತಾಡಿಕೊಂಡಿದ್ದರು, ಎದ್ದರು. ಹಾಗೆ ಎದುರುಗೊಂಡ ಜಾಗವೆಂದು ತೋರಿಸುವುದು ಚೌಖಂಡಿಯನ್ನೇ. ಹುಮಾಯೂನನ ಬುರುಜು ನಿಂತಿರುವುದು ಆ ಗುಡ್ಡೆಯ ಮೇಲೆ.